ಬೂಟ್‌ಲೋಡರ್‌ನಲ್ಲೇ ಮೆಮೊರಿ ಅಳೆದ ಬಗೆ: ನನ್ನ ಅನುಭವ

ಶಿರಸಿಯ ನಮ್ಮ ಸಣ್ಣ ಕಾರ್ಯಾಗಾರದಿಂದ ಈವರೆಗೆ ಹೊರಹೋದ ಸುಮಾರು 400 ಗೇಟ್‌ವೇ ಪೆಟ್ಟಿಗೆಗಳಲ್ಲಿ (ಮಾಹಿತಿಯನ್ನು ಜಾಲಕ್ಕೆ ದಾಟಿಸುವ ಸಣ್ಣ ಕಂಪ್ಯೂಟರುಗಳಲ್ಲಿ) ಈಗ ಓಡುತ್ತಿರುವುದು ಒಂದೇ ಬೂಟ್‌ಲೋಡರ್ ಇಮೇಜ್, ಅಂದರೆ ವಿದ್ಯುತ್ ಬಂದೊಡನೆ ಮೊದಲು ಓಡಿ ಉಳಿದದ್ದನ್ನು ಎಬ್ಬಿಸುವ ಪ್ರೋಗ್ರಾಮಿನ ಒಂದೇ ಪ್ರತಿ. ಆ ಬೋರ್ಡುಗಳ ಮೇಲಿನ ಡಿಡಿಆರ್2 ಮೆಮೊರಿ ಚಿಪ್ ಕೆಲವದರಲ್ಲಿ 32 ಎಂಬಿ, ಕೆಲವದರಲ್ಲಿ 64, ಹೆಚ್ಚಿನವದರಲ್ಲಿ 128, ಕಡೆಯ ಕಂತಿನಲ್ಲಿ 256. ಯಾವ ಬೋರ್ಡಿಗೆ ಯಾವ ಚಿಪ್ ಎಂಬುದನ್ನು ಬೂಟ್‌ಲೋಡರ್‌ಗೆ ಯಾರೂ ಹೇಳಿಕೊಡುವುದಿಲ್ಲ. ಪ್ರತಿ ಸಲ ವಿದ್ಯುತ್ ಬಂದಾಗ ಅದು ತಾನೇ ಅಳೆದುಕೊಳ್ಳುತ್ತದೆ. ಇದು ನಂಬುವಷ್ಟು ಖಚಿತವಾಗಿ ಮಾಡಬಹುದಾದ ಕೆಲಸವಲ್ಲವೆಂದು ಹೇಳಿದವರಲ್ಲಿ ನನಗಿಂತ ಹೆಚ್ಚು ಅನುಭವವಿದ್ದವರೂ ಇದ್ದರು. ಅವರ ಸಂದೇಹಕ್ಕೆ ಕಾರಣವಿಲ್ಲದಿರಲಿಲ್ಲ, ಏಕೆಂದರೆ ಮೊದಲ ನಾಲ್ಕು ತಿಂಗಳು ನಾನೂ ಸೋಲುತ್ತಲೇ ಇದ್ದೆ.

2021ರ ಚಿಪ್ ಅಭಾವದ ದಿನಗಳಲ್ಲಿ ಎಲ್ಲರಂತೆ ನಾವೂ ಸಿಕ್ಕಿದ ಚಿಪ್ಪನ್ನು ಸಿಕ್ಕಿದ ಬೆಲೆಗೆ ಕೊಂಡೆವು. ಗಾತ್ರಕ್ಕೊಂದು ಇಮೇಜ್ ಇಟ್ಟುಕೊಂಡಿದ್ದೆವು, ಬೋರ್ಡಿಗೆ ಬಣ್ಣದ ಚೀಟಿ ಅಂಟಿಸುತ್ತಿದ್ದೆವು. ಜೋಡಣೆ ಮಾಡಿಕೊಟ್ಟವರಲ್ಲಿ ಚಿಪ್ ಸುತ್ತಿಟ್ಟ ಎರಡು ರೀಲ್‌ಗಳು ಅದಲುಬದಲಾಗಿ, 128 ಎಂಬಿ ಚಿಪ್ ಇದ್ದ 36 ಬೋರ್ಡುಗಳಿಗೆ 256ರ ಇಮೇಜ್ ಹೋಯಿತು. ಮೇಜಿನ ಮೇಲೆ ಒಂದು ಗಂಟೆ ಓಡಿಸಿದಾಗ ಎಲ್ಲವೂ ಸರಿ. ಸಿದ್ದಾಪುರದ ಕಡೆಯ ಅಡಿಕೆ ಒಣಗಿಸುವ ಮನೆಗಳಲ್ಲಿ, ಕಾರವಾರದ ಬೈತಖೋಲದ ದೋಣಿಗಳಲ್ಲಿ ಕೂತ ಮೇಲೆ ಎರಡನೆಯ ದಿನಕ್ಕೋ ಮೂರನೆಯ ದಿನಕ್ಕೋ, ಲಾಗ್ ಬೆಳೆದು ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮೆಮೊರಿಯ ಮೇಲಿನ ಅರ್ಧದ ಪುಟಗಳನ್ನು ಮುಟ್ಟತೊಡಗಿದಾಗ, ಕೆಳಗಿನ ಅರ್ಧ ಹಾಳಾಗಿ ಪೆಟ್ಟಿಗೆ ಸತ್ತುಬೀಳುತ್ತಿತ್ತು. ಮೇಲಿನ 128 ಎಂಬಿ ಎಂಬುದು ಕೆಳಗಿನದರದೇ ಅಲಿಯಾಸ್, ಅಂದರೆ ಅದೇ ಜಾಗದ ಇನ್ನೊಂದು ವಿಳಾಸ, ಆಗಿತ್ತು. ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬಂದ ಖರ್ಚು, ಬದಲಿ ಪೆಟ್ಟಿಗೆಗಳು, ಕೈತಪ್ಪಿದ ಒಂದು ಆರ್ಡರ್ ಎಲ್ಲ ಸೇರಿ ಎರಡೂಮುಕ್ಕಾಲು ಲಕ್ಷದ ಹತ್ತಿರ ಹೋಯಿತು. ಮೂರು ಜನರ ಕಾರ್ಯಾಗಾರಕ್ಕೆ ಅದು ಸಣ್ಣ ಮೊತ್ತವಲ್ಲ.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯ ಗೆಳೆಯರೊಬ್ಬರು, "ಸುಮ್ನೆ ಟೈಮ್ ಹಾಳು ಮಾಡಡ ಮಾರಾಯಾ, ಎರಡು ರೆಸಿಸ್ಟರ್ ಹಾಕಿ ಮುಗ್ಸು" ಎಂದರು. ಪ್ರೋಗ್ರಾಂ ಓದಬಲ್ಲ ಜಿಪಿಐಒ ಪಿನ್ನಿಗೆ ರೆಸಿಸ್ಟರ್ ಕಟ್ಟಿ ಗಾತ್ರ ಹೇಳಿಸುವ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಆದರೆ ರೀಲ್ ಅದಲುಬದಲು ಮಾಡಿದ ಕೈಯೇ ರೆಸಿಸ್ಟರನ್ನೂ ಕೂರಿಸುತ್ತದೆ. ಸುಳ್ಳು ಚೀಟಿಯ ಬದಲು ಸುಳ್ಳು ರೆಸಿಸ್ಟರ್ ಬರುತ್ತದೆ, ಅಷ್ಟೆ. ಕಂಪ್ಯೂಟರಿಗೆ ಸಿಕ್ಕಿಸುವ ಮೆಮೊರಿ ಪಟ್ಟಿ (ಡಿಮ್) ಆಗಿದ್ದರೆ ತನ್ನ ಗಾತ್ರ ಹೇಳುವ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇರುತ್ತಿತ್ತು. ಕಡಿಮೆ ವಿದ್ಯುತ್ತಿನ ಎಲ್‌ಪಿಡಿಡಿಆರ್2 ಮೆಮೊರಿ ಆಗಿದ್ದರೆ 8ನೆಯ ಮೋಡ್ ರಿಜಿಸ್ಟರ್ ಓದಿದರೆ ಸಾಕಿತ್ತು. ಬೋರ್ಡಿಗೇ ಬೆಸುಗೆಯಾದ ಸಾದಾ ಡಿಡಿಆರ್2ನಲ್ಲಿ ಅವೆರಡೂ ಇಲ್ಲ. ಬರೆದು ಓದಿ ತಿಳಿಯಬೇಕು.

ಯು-ಬೂಟ್ ಎಂಬ ಮುಕ್ತ ಬೂಟ್‌ಲೋಡರಿನ, ಮೆಮೊರಿ ಗಾತ್ರ ಅಳೆಯುವ ಗೆಟ್ ರ‍್ಯಾಮ್ ಸೈಜ್ ಫಂಕ್ಷನ್ನನ್ನೇ ಮೊದಲು ಹಚ್ಚಿದೆ. ಮೆಮೊರಿ ನಿಯಂತ್ರಕವನ್ನು ಅತಿದೊಡ್ಡ ಚಿಪ್ಪಿಗೆ ಹೊಂದಿಸಿ, 64 ಎಂಬಿ ಬೋರ್ಡಿನಲ್ಲಿ ಓಡಿಸಿದರೆ ಬಂದ ಉತ್ತರ 8192. ಅರವತ್ತನಾಲ್ಕು ಎಂಬಿಯ ಚಿಪ್ 8 ಕೆಬಿ ಎಂದು ಹೇಳುತ್ತಿತ್ತು. 32ರ ಬೋರ್ಡು 1024 ಎಂದಿತು. ಒಂದು ವಾರ ಟೈಮಿಂಗ್ ತಪ್ಪಿದೆಯೆಂದೇ ತಿಳಿದು ಟ್ಯೂನ್ ಮಾಡುತ್ತ ಕೂತೆ. ನಿಜವಾಗಿ ಆ ಫಂಕ್ಷನ್ ತಪ್ಪು ಹೇಳಿರಲಿಲ್ಲ, ನನಗೆ ಬೇಕಾದ ಉತ್ತರವನ್ನೇ ಕೊಡುತ್ತಿತ್ತು. ಓದಲು ನನಗೆ ಬರಲಿಲ್ಲ.

ನಮ್ಮ ನಿಯಂತ್ರಕದಲ್ಲಿ ವಿಳಾಸದ ಕ್ರಮ ಮೇಲಿನಿಂದ ರೋ (ಅಡ್ಡಸಾಲು), ಬ್ಯಾಂಕ್ (ಚಿಪ್ಪಿನೊಳಗಿನ ಪ್ರತ್ಯೇಕ ಭಾಗ), ಕಾಲಂ (ಕಂಬಸಾಲು). ಡೇಟಾ ಬಸ್ (ಡೇಟಾ ಹಾಯುವ ತಂತಿಗಳು) 16 ಬಿಟ್, ಅಂದರೆ ಒಮ್ಮೆಗೆ ಎರಡು ಬೈಟ್; ಆದ್ದರಿಂದ ವಿಳಾಸದ 0ನೆಯ ಬಿಟ್ ಲೆಕ್ಕಕ್ಕಿಲ್ಲ. 10 ಕಾಲಂ, 8 ಬ್ಯಾಂಕ್ ಎಂದು ಹೊಂದಿಸಿದಾಗ 1ರಿಂದ 10ರವರೆಗಿನ ಬಿಟ್‌ಗಳು ಕಾಲಂ, 11ರಿಂದ 13 ಬ್ಯಾಂಕ್, 14ರಿಂದ ಮೇಲೆ ರೋ. 512 ಮೆಗಾಬಿಟ್ (64 ಎಂಬಿ) ಚಿಪ್ಪಿನಲ್ಲಿ ನಾಲ್ಕೇ ಬ್ಯಾಂಕ್, ಅಂದರೆ ಮೂರನೆಯ ಬ್ಯಾಂಕ್ ಪಿನ್ ಎಲ್ಲಿಗೂ ಸೇರಿಲ್ಲ. 13ನೆಯ ಬಿಟ್ಟನ್ನು ಚಿಪ್ ಲೆಕ್ಕಿಸುವುದೇ ಇಲ್ಲವಾದ್ದರಿಂದ 8 ಕೆಬಿ ಆಚೆಗೆ ಬರೆದದ್ದು ಮೊದಲಿನ ಜಾಗಕ್ಕೇ ಬೀಳುತ್ತದೆ. 256 ಮೆಗಾಬಿಟ್ (32 ಎಂಬಿ) ಚಿಪ್ಪಿನಲ್ಲಿ ಕಾಲಂ 9 ಮಾತ್ರ. ಆದ್ದರಿಂದ 1 ಕೆಬಿಗೇ ಮಡಚಿಕೊಳ್ಳುತ್ತದೆ. 1 ಗಿಗಾಬಿಟ್ (128 ಎಂಬಿ) ಮತ್ತು 2 ಗಿಗಾಬಿಟ್ (256 ಎಂಬಿ) ಚಿಪ್ಪುಗಳ ನಡುವಿನ ವ್ಯತ್ಯಾಸ ಹದಿನಾಲ್ಕನೆಯ ರೋ ಬಿಟ್‌ನಲ್ಲಿ, ಅದು ಕಾಣುವುದು 128 ಎಂಬಿಯಲ್ಲಿ. ಇದು ಹೊಳೆದ ಸಂಜೆಯಿಂದ ನಾನು ಗಾತ್ರವನ್ನು ಹುಡುಕುವುದನ್ನು ಬಿಟ್ಟು ಚಿಪ್ಪಿನ ಒಳರಚನೆಯನ್ನು ಹುಡುಕತೊಡಗಿದೆ. ಗಾತ್ರ ಅದರಿಂದ ತಾನಾಗಿ ಬರುತ್ತದೆ.

ಈಗ ಮಾಡುವುದು ಇಷ್ಟು. ಬೂಟ್‌ಲೋಡರಿನ ಮೊದಲ ಸಣ್ಣ ಹಂತವಾದ ಎಸ್‌ಪಿಎಲ್, ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿಯಾದ ಎಸ್‌ರ‍್ಯಾಮ್‌ನಲ್ಲೇ ಓಡುತ್ತದೆ, ಅದರ ತಾತ್ಕಾಲಿಕ ಲೆಕ್ಕದ ಜಾಗವಾದ ಸ್ಟ್ಯಾಕ್ ಕೂಡ ಅಲ್ಲೇ. ನಿಯಂತ್ರಕವನ್ನು 14 ರೋ, 10 ಕಾಲಂ, 8 ಬ್ಯಾಂಕ್ ಎಂದು ಹೊಂದಿಸಿ, ರಿಫ್ರೆಶ್ (ಚಿಪ್ಪಿನ ಬಿಟ್‌ಗಳು ಮಾಸದಂತೆ ಆಗಾಗ ಮತ್ತೆ ತುಂಬಿಸುವುದು) ನಂತರದ ಕಾಯುವಿಕೆಯನ್ನು 2 ಗಿಗಾಬಿಟ್ ಚಿಪ್ಪಿಗೆ ಬೇಕಾದ 195 ನ್ಯಾನೊಸೆಕೆಂಡಿಗೆ ಇಡುತ್ತೇನೆ. ಸಣ್ಣ ಚಿಪ್ಪಿಗೆ ಅದು ಹೆಚ್ಚಾಯಿತೇ ಹೊರತು ಕೆಡುಕಿಲ್ಲ. ಮೊದಲು ಬುಡದಿಂದ 1 ಕೆಬಿ ದೂರದ ವಿಳಾಸದಲ್ಲಿ ಕಾಲಂ ಪರೀಕ್ಷೆ. ಅಲಿಯಾಸ್ ಕಂಡರೆ 9 ಕಾಲಂ ಎಂದು ಮತ್ತೆ ಹೊಂದಿಸುತ್ತೇನೆ, ಆಗ ಬ್ಯಾಂಕಿನ ಬಿಟ್‌ಗಳು ಒಂದೊಂದು ಸ್ಥಾನ ಕೆಳಗಿಳಿಯುತ್ತವೆ. ಆಮೇಲೆ ಬ್ಯಾಂಕ್, ಕಡೆಗೆ ರೋ. ಈ ಕ್ರಮ ತಪ್ಪಿಸಬಾರದು: ಕೆಳಗಿನ ಬಿಟ್ ತೀರ್ಮಾನವಾಗದೆ ಮೇಲಿನದರ ಸ್ಥಾನವೇ ತಿಳಿಯದು. ಪ್ರತಿ ಹೊಂದಾಣಿಕೆಯ ನಂತರ ಹಿಂದೆ ಬರೆದದ್ದನ್ನು ನಂಬದೆ ಹೊಸದಾಗಿ ಬರೆಯಬೇಕು. ಎಲ್ಲ ಮುಗಿದ ಮೇಲೆ ಎರಡರ ಪ್ರತಿ ಘಾತದ ವಿಳಾಸಕ್ಕೂ ಬೇರೆ ಬೇರೆ ಮೌಲ್ಯ ಬರೆದು ಒಟ್ಟಿಗೆ ಓದುತ್ತೇನೆ; ಒಂದೇ ಒಂದು ತಾಳೆಯಾಗದಿದ್ದರೂ ಬೂಟ್ ನಿಂತು ಕೆಂಪು ದೀಪ ಮಿಟುಕುತ್ತದೆ. ಅಂದಾಜಿನ ಮೇಲೆ ಮುಂದುವರಿಯುವುದಕ್ಕಿಂತ ನಿಂತ ಪೆಟ್ಟಿಗೆ ಮೇಲು. ಇಡೀ ಅಳತೆಗೆ ಹಿಡಿಯುವುದು ಒಂದು ಮಿಲಿಸೆಕೆಂಡಿನ ಆಸುಪಾಸು.

ಹೇಳುವಾಗ ಸುಲಭವಾಗಿ ಕಾಣುವ ಇದು ನಾಲ್ಕು ಕಡೆ ನನ್ನನ್ನು ಕೆಡವಿತು. ಒಮ್ಮೆ ಡೇಟಾ ಕ್ಯಾಶ್ (ಪ್ರೊಸೆಸರ್ ಹತ್ತಿರವೇ ನಕಲು ಇಟ್ಟುಕೊಳ್ಳುವ ಜಾಗ) ಚಾಲೂ ಇದ್ದಾಗಲೇ ಪರೀಕ್ಷಿಸಿದೆ. ಎಲ್ಲ ಬೋರ್ಡುಗಳೂ 256 ಎಂದವು, ಏಕೆಂದರೆ ಓದಿದ್ದು ಕ್ಯಾಶ್‌ನಿಂದ, ಚಿಪ್ಪಿನಿಂದಲ್ಲ. ಎರಡನೆಯದು ಎರಡು ಚಿಪ್ ಕೂರುವ ದೊಡ್ಡ ಬೋರ್ಡಿನಲ್ಲಿ: ಎರಡನೆಯ ಜಾಗ ಖಾಲಿಯಿದ್ದರೂ ಆಗಷ್ಟೇ ಬರೆದ ಮೌಲ್ಯ ಮರಳಿ ಬರುತ್ತಿತ್ತು. ಅಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ, ಡೇಟಾ ತಂತಿಗಳ ದಾರಿಯಲ್ಲಿ ಉಳಿದಿದ್ದ ಹಳೆಯದನ್ನೇ ನಾನು ಓದುತ್ತಿದ್ದೆ. ಬರೆದ ಮೇಲೆ, ಓದುವ ಮೊದಲು, ಬೇರೆ ವಿಳಾಸಕ್ಕೆ ತದ್ವಿರುದ್ಧ ಬಿಟ್‌ಗಳನ್ನು ಬರೆಯುವ ರೂಢಿ ಮಾಡಿಕೊಂಡ ಮೇಲೆ ಅದು ನಿಂತಿತು. ಮೂರನೆಯದು ವಾಚ್‌ಡಾಗ್ ರೀಸೆಟ್, ಅಂದರೆ ಪೆಟ್ಟಿಗೆ ಸಿಕ್ಕಿಕೊಂಡಾಗ ಕಾವಲು ಟೈಮರ್ ವಿದ್ಯುತ್ ಕಡಿಯದೆಯೇ ಮಾಡುವ ಮರುಚಾಲನೆ. ಹಿಂದಿನ ಬೂಟ್‌ನಲ್ಲಿ ಬರೆದ ಮಾದರಿ ಚಿಪ್ಪಿನಲ್ಲಿ ಹಾಗೇ ಉಳಿದಿರುತ್ತದೆ; ಈ ಸಲ ಬರೆದದ್ದು ಚಿಪ್ಪಿಗೆ ತಲುಪದಿದ್ದರೂ ಪರೀಕ್ಷೆ ಪಾಸಾಗುತ್ತದೆ. ಆದ್ದರಿಂದ ಮೌಲ್ಯಗಳು ಪ್ರತಿ ಬೂಟ್‌ಗೂ ಬದಲಾಗುತ್ತವೆ, ಅವನ್ನು ಹುಟ್ಟಿಸುವ ಮೂಲಸಂಖ್ಯೆ ಟೈಮರ್‌ನದು. ನಾಲ್ಕನೆಯದನ್ನು ಹೇಳಲು ನೋವಾಗುತ್ತದೆ: ಎಲ್ಲವೂ ಸರಿಯಾಗಿ, ಡಿವೈಸ್ ಟ್ರೀಯ (ಬೋರ್ಡಿನಲ್ಲಿ ಏನೇನಿದೆಯೆಂದು ಕರ್ನೆಲ್‌ಗೆ ಹೇಳುವ ಪಟ್ಟಿಯ) ಮೆಮೊರಿ ನೋಡ್ ಕೂಡ ಸರಿಯಾಗಿ ತಿದ್ದಲ್ಪಟ್ಟಿದ್ದರೂ ಕರ್ನೆಲ್ ಮಾತ್ರ 128 ಎಂದೇ ಹಿಡಿದಿತ್ತು. ವಿದ್ಯುತ್ ಹೋದರೂ ಅಳಿಯದ ಫ್ಲ್ಯಾಶ್‌ನಲ್ಲಿ ಉಳಿಸಿದ್ದ ಹಳೆಯ ಬೂಟ್ ಆರ್ಗ್ಸ್‌ನಲ್ಲಿ (ಕರ್ನೆಲ್‌ಗೆ ಕೊಡುವ ಸೂಚನೆಗಳಲ್ಲಿ) ಗಾತ್ರವನ್ನು ಕಟ್ಟಿಹಾಕುವ ಮೆಮ್ ಎಂಬ ಪ್ಯಾರಾಮೀಟರ್ ಯಾವುದೋ ಕಾಲದಿಂದ ಕೂತಿತ್ತು. ನಾಲ್ಕು ದಿನ ಹಾಳಾಯಿತು.

ನಡುವೆ ಒಂದು ಪ್ರಯೋಗ ಮಾಡಿದೆ, ಅದು ಉಪಯೋಗಕ್ಕೆ ಬಂತು. ರಿಫ್ರೆಶ್ ಅನ್ನು ಪೂರ್ತಿ ನಿಲ್ಲಿಸಿ ಇದೇ ಅಳತೆ ಓಡಿಸಿದರೆ ಉತ್ತರ ಸರಿಯಾಗಿಯೇ ಬಂತು. ನಿಯಮದ ಪ್ರಕಾರ 64 ಮಿಲಿಸೆಕೆಂಡಿಗೊಮ್ಮೆ ಎಲ್ಲ ರೋ ಸಾಲುಗಳೂ ರಿಫ್ರೆಶ್ ಆಗಬೇಕು, ಆದರೆ ಡಿಸೆಂಬರಿನ ಶಿರಸಿಯ ಬೆಳಗಿನ ಚಳಿಯಲ್ಲಿ ನನ್ನ ಮೇಜಿನ ಚಿಪ್ ಹಲವಾರು ಸೆಕೆಂಡು ಒಂದು ಬಿಟ್ಟೂ ಕಳೆಯಲಿಲ್ಲ. ಅಂದರೆ ಅಳತೆ ಗೆದ್ದಿತೆಂದರೆ ರಿಫ್ರೆಶ್ ಸರಿಯಿದೆಯೆಂದಲ್ಲ. ಅದನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಬೇರೆಯೇ ಪರೀಕ್ಷಿಸಬೇಕು. ನಾವು ಪ್ರತಿ ಕಂತಿನ ಐದು ಬೋರ್ಡುಗಳಿಗೆ ಹಾಗೆ ಮಾಡುತ್ತೇವೆ.

ಪ್ರತಿ ಹೊಂದಾಣಿಕೆಗೂ ಚಿಪ್ಪನ್ನು ಮೊದಲಿನಿಂದ ಎಬ್ಬಿಸದೆ ನಿಯಂತ್ರಕದ ರಚನೆಯನ್ನು ಮಾತ್ರ ಬದಲಿಸುವ ದಾರಿಯೊಂದನ್ನು ಕಂಡುಕೊಂಡಿದ್ದೇನೆ. ಅದರ ವಿವರವನ್ನೂ, ಖಾಲಿ ಚಿಪ್ ಸೆಲೆಕ್ಟ್ (ಚಿಪ್ ಇಲ್ಲದ ಜಾಗವನ್ನು ಆರಿಸುವ ತಂತಿ) ಮುಟ್ಟಿದಾಗ ನಿಯಂತ್ರಕ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಬಗೆಯನ್ನೂ ಇಲ್ಲಿ ಬರೆಯುವುದಿಲ್ಲ. ಎರಡೂ ನಮ್ಮ ಅನ್ನದ ವಿಷಯ. ಡೇಟಾಶೀಟನ್ನು ತಾಳ್ಮೆಯಿಂದ ಓದಿದವರಿಗೆ ಸಿಗುತ್ತವೆ.

ಕಡೆಯ ಪಾಠ ಕಾರವಾರದಿಂದ ಬಂತು. ದೋಣಿಯೊಂದರ ಪೆಟ್ಟಿಗೆ, ಜೂನ್ ಮತ್ತು ಜುಲೈನ ಮೀನುಗಾರಿಕೆ ನಿಷೇಧದ ಎರಡು ತಿಂಗಳು ದಡದಲ್ಲಿ ಸುಮ್ಮನಿದ್ದು, ಆಗಸ್ಟಿನಲ್ಲಿ ಚಾಲೂ ಮಾಡಿದಾಗ ತಾನು 64 ಎಂಬಿ ಎಂದಿತು. ಅದಕ್ಕೆ 128 ಹಾಕಿದ ನೆನಪು ನನಗೆ ಸ್ಪಷ್ಟವಾಗಿತ್ತು. ಬಿಚ್ಚಿ ನೋಡಿದರೆ ಉಪ್ಪುಗಾಳಿಗೆ ಚಿಪ್ಪಿನ ಅಂಚಿನಲ್ಲಿ ಹಸಿರು ಕಟ್ಟಿ, ಮೂರನೆಯ ಬ್ಯಾಂಕ್ ಪಿನ್ನಿನ ಬೆಸುಗೆ ಬಿಟ್ಟಿತ್ತು. ಬೆಸುಗೆ ಬಿಟ್ಟ ದೊಡ್ಡ ಚಿಪ್ಪೂ ಸರಿಯಿರುವ ಸಣ್ಣ ಚಿಪ್ಪೂ ಈ ಪರೀಕ್ಷೆಗೆ ಒಂದೇ ತರಹ ಕಾಣುತ್ತವೆ, ಇದನ್ನು ನಾನು ಯೋಚಿಸಿರಲಿಲ್ಲ. ಅಂದಿನಿಂದ ಕಾರ್ಯಾಗಾರದ ಮೊದಲ ಅಳತೆಯನ್ನು ಫ್ಲ್ಯಾಶ್‌ನ ಒಂದು ಮೂಲೆಯಲ್ಲಿ ಬರೆದಿಡುತ್ತೇವೆ. ಬೂಟ್‌ಗೆ ಬಳಸುವುದು ಆ ಹೊತ್ತಿನ ಅಳತೆಯನ್ನೇ, ಆದರೆ ಎರಡರಲ್ಲಿ ವ್ಯತ್ಯಾಸ ಕಂಡರೆ ಪೆಟ್ಟಿಗೆ ಕೆಲಸ ಮಾಡುತ್ತಲೇ ನಮಗೊಂದು ಸಂದೇಶ ಕಳಿಸುತ್ತದೆ. ಕಳೆದ ಹಂಗಾಮಿನಲ್ಲಿ ಹೀಗೆ ಮೂರು ದೋಣಿಗಳ ಬೋರ್ಡುಗಳನ್ನು ಅವು ಕೆಡುವ ಮೊದಲೇ ತರಿಸಿ, ಬೆಸುಗೆ ಸರಿಮಾಡಿ, ಲೇಪನ ಹಚ್ಚಿ ವಾಪಸು ಕಳಿಸಿದೆವು.