ಕ್ಲಿನಿಕಲ್ ಪರೀಕ್ಷೆಯಲ್ಲಿ ಫ್ಲೋರೋಸಿಸ್ ರೋಗಿಯನ್ನು ಪರೀಕ್ಷಿಸುವ ಕ್ರಮ

ಕಲಬುರಗಿ, ಯಾದಗಿರಿ ಭಾಗದ ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ, ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಕಲೆಗಟ್ಟಿದ ಹಲ್ಲುಗಳು, ಅಂದರೆ ಫ್ಲೋರೋಸಿಸ್, ಪರೀಕ್ಷೆಯಲ್ಲಿ ಎದುರಾಗಬಹುದು. ಬಾಯಿ ತೆರೆಸುವ ಮೊದಲೇ, ಹುಟ್ಟಿನಿಂದ ಸುಮಾರು 8 ವರ್ಷದವರೆಗೆ ರೋಗಿ ಯಾವ ಊರಿನಲ್ಲಿದ್ದರು, ಯಾವ ನೀರು ಕುಡಿದರು ಎಂದು ಕೇಳಿ ಬರೆದುಕೊಳ್ಳಿ. ಬಹುತೇಕ ಶಾಶ್ವತ ಹಲ್ಲುಗಳ ಎನಾಮೆಲ್ (ಗಟ್ಟಿಯಾದ ಹೊರಪದರ) ರೂಪುಗೊಳ್ಳುವುದು ಆ ವಯಸ್ಸಿನಲ್ಲಿ. ಈಗಿನ ವಿಳಾಸದಿಂದ ಹೆಚ್ಚೇನೂ ತಿಳಿಯದು.

ಎಡಬಲದ ಜೋಡಿ ಹಲ್ಲುಗಳಲ್ಲಿ ಸಮನಾಗಿ, ಸ್ಪಷ್ಟ ಅಂಚಿಲ್ಲದೆ, ತೆಳುವಾದ ಅಡ್ಡಗೆರೆಗಳಾಗಿ ಹರಡಿದ ಬಿಳುಪು ಫ್ಲೋರೋಸಿಸ್‌ನ ಲಕ್ಷಣ. ವಸಡಿನ ಅಂಚಿಗುಂಟ ಇದ್ದು, ಪ್ಲಾಕ್ (ಹಲ್ಲಿಗೆ ಅಂಟಿದ ಬ್ಯಾಕ್ಟೀರಿಯಾದ ಪದರ) ತೆಗೆದು ಗಾಳಿಯಿಂದ ಒಣಗಿಸಿದಾಗ ಸೀಮೆಸುಣ್ಣದಂತೆ ಮಂಕಾಗಿ, ಒರಟಾಗಿ ತೋರುವುದು ಸಕ್ರಿಯವಾದ ಆರಂಭಿಕ ಹುಳುಕು. ಅಲ್ಲಿ ಚೂಪಾದ ಪ್ರೋಬ್ ಒತ್ತಲೇಬಾರದು, ಮೇಲ್ಪದರ ಮುರಿದೀತು. ಒಂದೇ ಹಲ್ಲಿನಲ್ಲಿ ದೋಷವಿದ್ದರೆ, ಅದರ ಹಾಲುಹಲ್ಲಿಗೆ ಸೋಂಕೋ ಪೆಟ್ಟೋ ಆಗಿತ್ತೇ ಎಂದು ವಿಚಾರಿಸಿ.

ಫ್ಲೋರೋಸಿಸ್‌ನ ತೀವ್ರತೆಯನ್ನು ಅಳೆಯುವ 1942ರ ಡೀನ್ ಸೂಚ್ಯಂಕದಲ್ಲಿ ಅತಿ ಹೆಚ್ಚು ಬಾಧಿತವಾದ ಎರಡು ಹಲ್ಲುಗಳನ್ನು ನೋಡಬೇಕು. ಅವೆರಡೂ ಸಮವಾಗಿಲ್ಲದಿದ್ದರೆ ಕಡಿಮೆ ಬಾಧಿತವಾದುದರ ಅಂಕವನ್ನೇ ದಾಖಲಿಸಬೇಕು ಎಂಬ ನಿಯಮವನ್ನು ಮರೆಯಬೇಡಿ. ಬಿಳುಪು ಮೇಲ್ಮೈಯ ಶೇ 25ರೊಳಗಿದ್ದರೆ ಅತಿ ಸೌಮ್ಯ, ಶೇ 50ರೊಳಗಿದ್ದರೆ ಸೌಮ್ಯ. ಗುಳಿಗಳು ಬಿದ್ದಿದ್ದರೆ ತೀವ್ರ. ಪರೀಕ್ಷಕರು ಚಿಕಿತ್ಸೆ ಕೇಳಿದರೆ, ಮೇಲ್ಪದರದ ಕಲೆಗೆ ಮೈಕ್ರೋಅಬ್ರೇಷನ್ (ತೆಳುವಾಗಿ ಉಜ್ಜಿ ತೆಗೆಯುವುದು), ಆಳದ ಗುಳಿಗಳಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಭರ್ತಿ) ಅಥವಾ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಎಂದು ಉತ್ತರಿಸಿ.