ಸ್ವಸಹಾಯ ಸಂಘ ಕಟ್ಟೋದು ಹೇಗೆ: ಮೊದಲ ಸಾಲದ ಜಗಳದಲ್ಲಿ ಮುರಿದು ಬೀಳದ ಹಾಗೆ

ಸಂಘ ಮಾಡೋದು ಅಂದ್ರೆ ಹದಿನೈದು ಜನರ ಆಧಾರ್ ಜೆರಾಕ್ಸ್ ಒಟ್ಟು ಮಾಡಿ ಬ್ಯಾಂಕಿಗೆ ಹೋಗೋದು ಅಂದ್ಕೊಂಡಿರೋರೇ ಜಾಸ್ತಿ. ಹೆಸರು ಇಡ್ತಾರೆ, ಸೀಲ್ ಮಾಡಿಸ್ತಾರೆ, ಅರಿಶಿನ ಕುಂಕುಮ ಕೊಟ್ಟು ಫೋಟೋ ತೆಗೆಸ್ಕೋತಾರೆ, ಎರಡು ತಿಂಗಳು ವಾರವಾರ ಐವತ್ತು ರೂಪಾಯಿ ಕಟ್ತಾರೆ, ಮೂರನೇ ತಿಂಗಳಲ್ಲಿ ಮೊದಲನೇ ಸಾಲ ಯಾರಿಗೆ ಅನ್ನೋ ಮಾತು ಬರುತ್ತೆ, ಅಲ್ಲಿಗೆ ಮುಗೀತು. ಇಂಥ ಸಂಘಗಳನ್ನ ತುಂಬಾ ನೋಡಿದೀನಿ. ಮುರಿದ ಮೇಲೆ ಎಲ್ಲಾ ಕಡೆ ಕೇಳೋ ಮಾತು ಒಂದೇ, ‘ನಮ್ಮೂರ ಹೆಂಗಸರಲ್ಲಿ ಒಗ್ಗಟ್ಟಿಲ್ಲ ಬಿಡಿ’. ನಾನು ಇದನ್ನ ಒಪ್ಪಲ್ಲ. ಜಗಳ ಎಲ್ಲಿ ಬರುತ್ತೆ ಅಂತ ಮೊದಲೇ ಹೇಳಬಹುದು, ಅದಕ್ಕೆ ತಯಾರಿನೂ ಮಾಡ್ಕೋಬಹುದು, ಆದ್ರೆ ಯಾರೂ ಮಾಡಲ್ಲ.

ಅಮೆರಿಕದ ಬ್ರೂಸ್ ಟಕ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞರು 1965ರಲ್ಲೇ ಇದನ್ನ ಬರೆದಿಟ್ಟಿದಾರೆ. ಸಣ್ಣ ಗುಂಪುಗಳು ಮೊದಲು ಸೇರುತ್ವೆ, ಆಮೇಲೆ ಕಿತ್ತಾಡ್ತವೆ, ಆಮೇಲೆ ಒಂದು ಕಟ್ಟುಪಾಡಿಗೆ ಬರ್ತವೆ, ಆಮೇಲಷ್ಟೇ ಸರಿಯಾಗಿ ಕೆಲಸಕ್ಕೆ ಇಳೀತವೆ ಅಂತ. ನಮ್ಮ ಸಂಘಗಳಲ್ಲಿ ಎರಡನೇ ಹಂತ ಬಂದ ತಕ್ಷಣ ಹೆದರಿ ಮನೆಗೆ ಹೋಗ್ತಾರೆ. ಅದಕ್ಕೇ ಈ ಲೇಖನದಲ್ಲಿ ಆ ಹಂತಕ್ಕೇ ಜಾಸ್ತಿ ಜಾಗ ಕೊಡ್ತೀನಿ, ಉಳಿದಿದ್ದನ್ನ ಬೇಗ ಮುಗಿಸ್ತೀನಿ.

ಯಾರನ್ನ ಸೇರಿಸ್ಕೋಬೇಕು

ಹತ್ತರಿಂದ ಇಪ್ಪತ್ತು ಜನ ಅನ್ನೋದು ನಿಯಮ. ಇಪ್ಪತ್ತರ ಮಿತಿ ಹಳೇ ಕಂಪನಿ ಕಾಯ್ದೆಯಿಂದ ಬಂದಿದ್ದು, ಅದಕ್ಕಿಂತ ಜಾಸ್ತಿ ಜನ ಲಾಭಕ್ಕೆ ವ್ಯವಹಾರ ಮಾಡಿದ್ರೆ ನೋಂದಣಿ ಆಗಲೇಬೇಕು ಅಂತಿತ್ತು. ನನ್ನ ಕೇಳಿದ್ರೆ ಹನ್ನೆರಡರಿಂದ ಹದಿನೈದು ಸಾಕು. ಇಪ್ಪತ್ತು ಜನ ಕೂತಾಗ ಆರು ಜನ ಮಾತಾಡ್ತಾರೆ, ಹದಿನಾಲ್ಕು ಜನ ಸೆರಗು ಸರಿ ಮಾಡ್ಕೊಂಡು ಯಾವಾಗ ಮುಗಿಯುತ್ತೆ ಅಂತ ಕಾಯ್ತಾ ಇರ್ತಾರೆ.

ಮುಖ್ಯ ಏನಂದ್ರೆ, ಪಟ್ಟಿಯನ್ನ ಬೇರೆಯವರು ಮಾಡಬಾರದು. ಇದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಪಾಠ ಇದೆ. ಮೈರಾಡ ಸಂಸ್ಥೆ, ಅಂದ್ರೆ 1968ರಲ್ಲಿ ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗೆ ಅಂತ ಶುರುವಾಗಿದ್ದು, 80ರ ದಶಕದಲ್ಲಿ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಸಹಕಾರ ಸಂಘಗಳನ್ನ ಕಟ್ಟಿತ್ತು, ಅವು ಒಂದೊಂದಾಗಿ ಒಡೆದು ಹೋದವು. ಒಡೆದ ಮೇಲೆ ಜನ ತಮಗೆ ಯಾರ ಮೇಲೆ ನಂಬಿಕೆ ಇತ್ತೋ ಅವರ ಜೊತೆ ಸಣ್ಣ ಸಣ್ಣ ಗುಂಪಾಗಿ ಕೂತ್ರು, ಆ ಗುಂಪುಗಳೇ ಉಳ್ಕೊಂಡವು, ಬೆಳೆದ್ವು. 1987ರಲ್ಲಿ ನಬಾರ್ಡ್, ಅಂದ್ರೆ ಕೃಷಿ ಮತ್ತೆ ಹಳ್ಳಿ ಅಭಿವೃದ್ಧಿಗೆ ಇರೋ ರಾಷ್ಟ್ರೀಯ ಬ್ಯಾಂಕು, ಆ ಸಂಸ್ಥೆಗೆ 10 ಲಕ್ಷ ರೂಪಾಯಿ ಕೊಟ್ಟು ಇಂಥ ಗುಂಪುಗಳಿಗೆ ನೆರವಾಯ್ತು, 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಾಯೋಗಿಕ ಯೋಜನೆ ಶುರು ಮಾಡ್ತು. 2000-01ರಲ್ಲಿ ಬಂದ ಸ್ತ್ರೀಶಕ್ತಿ, ಈಗಿನ ಸಂಜೀವಿನಿ, ಇಂಥ ಸರ್ಕಾರಿ ಸಂಘದ ಯೋಜನೆಗಳೆಲ್ಲಾ ಆ ದಾರಿಯಲ್ಲೇ ಬಂದವು. ಹಾಗಾಗಿ ಯಾರೋ ಟಾರ್ಗೆಟ್ ಮುಗಿಸೋಕೆ ಬೀದಿ ಪ್ರಕಾರ ಹೆಸರು ಬರ್ಕೊಂಡು ಹೋದ್ರೆ ದಯವಿಟ್ಟು ಒಪ್ಕೋಬೇಡಿ. ‘ನಿಮ್ಮ ಮನೆ ಬೀಗದ ಕೈ ಯಾರ ಹತ್ರ ಬಿಟ್ಟು ಊರಿಗೆ ಹೋಗ್ತೀರಿ?’ ಅಂತ ಪ್ರತಿಯೊಬ್ಬರನ್ನೂ ಕೇಳಿ, ಒಂದೇ ಹೆಸರುಗಳು ಮತ್ತೆ ಮತ್ತೆ ಬರ್ತವೆ, ಅವರೇ ನಿಮ್ಮ ಸಂಘ.

ಒಂದು ಮನೆಯಿಂದ ಒಬ್ಬರೇ. ಅತ್ತೆ ಸೊಸೆ ಇಬ್ರೂ ಒಂದೇ ಸಂಘದಲ್ಲಿದ್ರೆ ಸೊಸೆ ಬಾಯಿ ಬಿಡಲ್ಲ, ಅವಳಿಗೂ ಸಾಲ ಬೇಕಿರುತ್ತೆ, ಅತ್ತೆ ಎದುರಿಗೆ ಯಾಕೆ ಅಂತ ಹೇಳೋಕಾಗಲ್ಲ.

ದಿನ, ಜಾಗ, ಖಾತೆ

ವಾರ, ಹೊತ್ತು, ಉಳಿತಾಯದ ಮೊತ್ತ ಮೊದಲ ಸಭೆಯಲ್ಲೇ ನಿಗದಿ ಮಾಡಿ. ಮೊತ್ತ ಎಷ್ಟಿರಬೇಕು ಅಂದ್ರೆ ನಿಮ್ಮಲ್ಲಿ ತೀರಾ ಕಷ್ಟದಲ್ಲಿರೋರು ಕೂಲಿ ಇಲ್ಲದ ವಾರದಲ್ಲೂ ಕಟ್ಟೋಕಾಗೋ ಅಷ್ಟು.

ಜಾಗದ ಬಗ್ಗೆ ಮಾತ್ರ ಹಟ ಹಿಡೀರಿ. ಅಧ್ಯಕ್ಷೆ ಮನೆ ಜಗಲಿಯಲ್ಲಿ ಸಭೆ ಬೇಡವೇ ಬೇಡ, ಎರಡು ತಿಂಗಳಲ್ಲಿ ಅದು ಅವರ ಸಂಘ ಆಗಿಬಿಡುತ್ತೆ, ಟೀ ಕೊಟ್ಟವರ ಮಾತಿಗೆ ಎದುರಾಡೋಕೆ ಯಾರಿಗೂ ಮನಸ್ಸು ಬರಲ್ಲ. ದೇವಸ್ಥಾನದ ಕಟ್ಟೆಯೂ ಬೇಡ, ಅಲ್ಲಿ ನಿಮ್ಮಲ್ಲೇ ಒಬ್ಬರು ಮುದುಡಿಕೊಂಡು ಅಂಚಲ್ಲಿ ಕೂರೋ ಹಾಗಿದ್ರೆ ಸಂಘ ಹುಟ್ಟೋಕೆ ಮುಂಚೆನೇ ಸೋತ ಹಾಗೆ. ಅಂಗನವಾಡಿ, ಶಾಲೆ ವರಾಂಡ, ಸಮುದಾಯ ಭವನ ನೋಡಿ. ಚಾಪೆ ಮೇಲೆ ಗುಂಡಗೆ ಕೂತ್ಕೊಳ್ಳಿ, ಕುರ್ಚಿ ಯಾರಿಗೂ ಬೇಡ.

ಖಾತೆ ತೆಗೆಯೋಕೆ ಸಂಘದ ಠರಾವು, ಪದಾಧಿಕಾರಿಗಳ ಕೆವೈಸಿ, ಅಂದ್ರೆ ಗುರುತು, ವಿಳಾಸದ ದಾಖಲೆ, ಇಷ್ಟು ಸಾಕು. ಎಲ್ಲಾ ಸದಸ್ಯರ ಕೆವೈಸಿ ತನ್ನಿ ಅಂತ ವಾಪಸ್ ಕಳಿಸಿದ್ರೆ, ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪದಾಧಿಕಾರಿಗಳದ್ದು ಸಾಕು ಅಂತ ಮ್ಯಾನೇಜರ್‌ಗೆ ಗಟ್ಟಿಯಾಗೇ ಹೇಳಿ.

ಈಗೊಂದು ಹೊಸ ಶಾರ್ಟ್‌ಕಟ್ ಶುರುವಾಗಿದೆ, ಎಲ್ರೂ ಉಳಿತಾಯವನ್ನ ಕಾರ್ಯದರ್ಶಿ ಫೋನ್ ನಂಬರಿಗೆ ಯುಪಿಐ ಮಾಡೋದು, ಆಕೆ ಆಮೇಲೆ ಸಂಘದ ಖಾತೆಗೆ ಕಟ್ಟೋದು. ಇದನ್ನ ಮೊದಲ ವಾರದಿಂದಲೇ ನಿಲ್ಲಿಸಿ. ಆಕೆ ಎಷ್ಟೇ ಪ್ರಾಮಾಣಿಕಳಾಗಿರಲಿ, ಮನೆ ದುಡ್ಡು ಸಂಘದ ದುಡ್ಡು ಒಂದೇ ಖಾತೆಯಲ್ಲಿದ್ರೆ ಗಂಡ ಸಿಲಿಂಡರಿಗೆ ಅಂತ ತೆಗೀತಾನೆ, ಸಾಲದ ಇಎಂಐ ತಾನೇ ಕಟ್ ಆಗುತ್ತೆ, ಕೊನೆಗೆ ಕಳ್ಳಿ ಅನ್ನಿಸ್ಕೊಳ್ಳೋಳು ಅವಳು. ದುಡ್ಡು ಚಾಪೆ ಮೇಲೆ ಬೀಳಬೇಕು, ಎಲ್ಲರ ಕಣ್ಣೆದುರಿಗೆ ಎಣಿಸಬೇಕು.

ಮೊದಲನೇ ಸಾಲ: ಇಲ್ಲಿ ನಿಧಾನ ಮಾಡಿ

ಹದಿನೈದು ಜನ, ವಾರಕ್ಕೆ 50 ರೂಪಾಯಿ, ಹನ್ನೆರಡು ವಾರ ಅಂದ್ರೆ 9,000 ರೂಪಾಯಿ ಆಗಿರುತ್ತೆ. ಇಷ್ಟು ದಿನ ಎಲ್ರೂ ಅಕ್ಕ ತಂಗಿ. ಈಗ ಆರು ಜನಕ್ಕೆ ಸಾಲ ಬೇಕು, ದುಡ್ಡು ಇರೋದು ಮೂರು ಜನಕ್ಕೆ.

ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಅಧ್ಯಕ್ಷೆ ಹಿಂದಿನ ದಿನವೇ ಇಬ್ಬರಿಗೆ ಮಾತು ಕೊಟ್ಟಿರ್ತಾರೆ, ಸಭೆಯಲ್ಲಿ ಬರೀ ಸಹಿ. ಉಳಿದ ನಾಲ್ವರು ಅಲ್ಲಿ ಏನೂ ಮಾತಾಡಲ್ಲ, ನಲ್ಲಿ ಹತ್ರ ಮಾತಾಡ್ತಾರೆ, ಮುಂದಿನ ವಾರ ಮಕ್ಕಳ ಕೈಯಲ್ಲಿ ಉಳಿತಾಯ ಕಳಿಸ್ತಾರೆ, ಅದರ ಮುಂದಿನ ವಾರ ಅದೂ ಇಲ್ಲ.

ಹೀಗೆ ಮಾಡಿ. ಸಾಲ ಕೊಡೋಕೆ ಒಂದು ತಿಂಗಳು ಮುಂಚೆ, ಇನ್ನೂ ಯಾರೂ ಕೇಳದೇ ಇರೋವಾಗ, ನಿಯಮ ಬರೆದಿಡಿ. ಕೇಳೋರು ಬಂದ ಮೇಲೆ ಮಾಡೋ ನಿಯಮ ಯಾರೋ ಒಬ್ಬರ ವಿರುದ್ಧ ಮಾಡಿದ ಹಾಗೇ ಕಾಣುತ್ತೆ. ಮೊದಲ ಸುತ್ತಿನಲ್ಲಿ ಒಬ್ಬರಿಗೆ ಗರಿಷ್ಠ ಎಷ್ಟು, ಎಷ್ಟು ತಿಂಗಳಲ್ಲಿ ವಾಪಸ್ಸು, ಬಡ್ಡಿ ಎಷ್ಟು. ಮತ್ತೆ ಒಂದು ನಿಯಮ ನನ್ನ ಕಡೆಯಿಂದ, ಇದನ್ನ ಬಿಡಲೇಬೇಡಿ: ಪದಾಧಿಕಾರಿಗಳು ಮೊದಲ ಸುತ್ತಿನಲ್ಲಿ ಸಾಲ ತಗೊಳ್ಳೋ ಹಾಗಿಲ್ಲ. ಅವರಿಗೆ ಕಷ್ಟ ಇಲ್ಲ ಅಂತಲ್ಲ, ಸಾಲ ಹಂಚೋರು ಕೊನೆಗೆ ತಗೊಂಡ್ರೆ ಉಳಿದವರಿಗೆ ಬರೋ ನಂಬಿಕೆ ಬೇರೆ ಯಾವುದರಿಂದಲೂ ಬರಲ್ಲ.

ಬಡ್ಡಿ ವಿಷಯಕ್ಕೆ ಬನ್ನಿ, ನಾನು ನೋಡಿದ ಜಗಳಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟೋದು. ‘ನೂರಕ್ಕೆ ಎರಡು ರೂಪಾಯಿ’ ಅಂತ ಎಲ್ರೂ ಒಪ್ಕೋತಾರೆ, ಯಾವ ನೂರಕ್ಕೆ ಅಂತ ಯಾರೂ ಕೇಳಲ್ಲ. 3,000 ಸಾಲ, ಹತ್ತು ತಿಂಗಳಲ್ಲಿ ತಿಂಗಳಿಗೆ 300ರ ಹಾಗೆ ತೀರಿಸೋದು ಅಂದ್ಕೊಳ್ಳಿ. ಕೊನೇವರೆಗೂ 3,000ಕ್ಕೇ ಬಡ್ಡಿ ಹಾಕಿದ್ರೆ ತಿಂಗಳಿಗೆ 60, ಒಟ್ಟು 600. ಬಾಕಿ ಉಳಿದಿದ್ದಕ್ಕೆ ಮಾತ್ರ ಹಾಕಿದ್ರೆ ಮೊದಲ ತಿಂಗಳು 60, ಎರಡನೇ ತಿಂಗಳು 2,700ಕ್ಕೆ 54, ಆಮೇಲೆ 48, ಹೀಗೆ ಇಳೀತಾ ಕೊನೇ ತಿಂಗಳು 6 ರೂಪಾಯಿ, ಒಟ್ಟು 330. ಹೆಚ್ಚುಕಮ್ಮಿ ಅರ್ಧ. ಲೆಕ್ಕ ಬರೆಯೋರು ಒಂದು ಥರ ಹಾಕಿ, ಕಟ್ಟೋರು ಮನೇಲಿ ಮಗನ ಕೈಲಿ ಇನ್ನೊಂದು ಥರ ಹಾಕಿಸಿದ್ರೆ ಮುಗೀತು, ನನ್ನ ದುಡ್ಡು ತಿಂದ್ರು ಅಂತ ಊರೆಲ್ಲಾ ಸುದ್ದಿ. ಬಾಕಿ ಮೇಲಿನ ಬಡ್ಡಿಯನ್ನೇ ಇಟ್ಕೊಳ್ಳಿ, ಈ ಹತ್ತು ತಿಂಗಳ ಲೆಕ್ಕವನ್ನ ಒಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ, ಓದು ಬರದೇ ಇರೋರಿಗೆ ಬೇಳೆಯೋ ಹುಣಸೆ ಬೀಜವೋ ಇಟ್ಟು ತೋರಿಸಿ. ಒಂದು ಸಭೆ ಪೂರ್ತಿ ಇದಕ್ಕೇ ಹೋಗಲಿ ಪರವಾಗಿಲ್ಲ.

ಸಾಲ ತೀರ್ಮಾನ ಮಾಡೋ ದಿನ ಬೇಕಾದವರೆಲ್ಲಾ ಎಷ್ಟು, ಯಾಕೆ ಅಂತ ಎಲ್ಲರೆದುರಿಗೆ ಹೇಳಲಿ. ಆಮೇಲೆ ಸಾಲ ಕೇಳದೇ ಇರೋರಿಂದ ಅಭಿಪ್ರಾಯ ತಗೊಳ್ಳಿ, ಅದರಲ್ಲೂ ಯಾವತ್ತೂ ಮಾತಾಡದೇ ಇರೋರಿಂದ ಶುರು ಮಾಡಿ. ಜೋರು ಬಾಯಿಯವರು ಮೊದಲು ಮಾತಾಡಿದ್ರೆ ಉಳಿದವರು ಹೂಂ ಅಂತಾರೆ ಅಷ್ಟೇ. ‘ಆಯ್ತು ಬಿಡ್ರೀ, ಅವ್ರೇ ತಗೊಳ್ಳಲಿ’ ಅಂತ ಯಾರಾದ್ರೂ ಅಂದ್ರೆ ಅಲ್ಲೇ ನಿಲ್ಲಿಸಿ, ‘ಅಕ್ಕಾ, ಬಿಡ್ರೀ ಅಂದ್ರೆ ಒಪ್ಪಿದ್ದೋ ಬೇಜಾರೋ, ಬಿಡಿಸಿ ಹೇಳಿ’ ಅಂತ ಕೇಳಿ. ದನಿ ಏರುತ್ತೆ, ಏರಲಿ. ಹಳೇ ವಿಷಯ, ಬೇಲಿ ಜಗಳ, ಮದುವೆಗೆ ಕರೀಲಿಲ್ಲ ಅನ್ನೋದೆಲ್ಲಾ ಆಚೆ ಬರುತ್ತೆ. ಆವತ್ತು ತೀರ್ಮಾನ ಆಗದಿದ್ರೆ ಮುಂದಿನ ವಾರಕ್ಕೆ ಹಾಕಿ, ಆದ್ರೆ ಸಭೆ ಮುಗಿದ ಮೇಲೆ ಇಬ್ಬಿಬ್ಬರೇ ಕೂತು ತೀರ್ಮಾನ ಮಾಡ್ಕೊಂಡು ಬರೋದು ಬೇಡ. ಯಾರು ಏನು ಕೇಳಿದ್ರು, ಯಾಕೆ ಕೊಟ್ವಿ, ಯಾಕೆ ಕೊಡಲಿಲ್ಲ, ಎಲ್ಲಾ ನಡಾವಳಿ ಪುಸ್ತಕಕ್ಕೆ ಹೋಗ್ಬೇಕು, ಸಿಗದೇ ಇರೋರ ಹೆಸರು ಮುಂದಿನ ಸುತ್ತಿಗೆ ಮೊದಲು ಅಂತ ಅಲ್ಲೇ ಬರೀಬೇಕು. ಹಾಗೆ ಬರೆದಿದ್ದನ್ನ ಜೋರಾಗಿ ಓದಿ ಹೇಳಿದಾಗ ಕೋಪ ಮಾಡ್ಕೊಂಡಿರೋರ ಮುಖ ಸ್ವಲ್ಪ ಸಡಿಲ ಆಗೋದನ್ನ ನೀವೇ ನೋಡ್ತೀರಿ.

ದಂಡ, ಬಾಕಿ, ಪುಸ್ತಕ

ತಡವಾಗಿ ಬಂದ್ರೆ 5 ರೂಪಾಯಿ, ಹೇಳದೇ ತಪ್ಪಿಸಿದ್ರೆ 10 ಅಂತ ಇಟ್ಕೊಂಡ್ರೆ ಸಾಕು. ಮೊತ್ತ ಸಣ್ಣದು, ಆದ್ರೆ ಮೊದಲನೇ ದಂಡ ಯಾರಿಂದ ವಸೂಲಿ ಆಗುತ್ತೆ ಅನ್ನೋದನ್ನ ಎಲ್ರೂ ನೋಡ್ತಿರ್ತಾರೆ. ಪಂಚಾಯ್ತಿ ಮೇಂಬರ್ ಹೆಂಡ್ತಿ ತಡವಾಗಿ ಬಂದಾಗ ನಕ್ಕು ಬಿಟ್ಟು, ಕೂಲಿಗೆ ಹೋಗಿ ಓಡೋಡಿ ಬಂದವಳ ಹತ್ರ ಐದು ರೂಪಾಯಿ ಕಿತ್ಕೊಂಡ್ರೆ ಆ ಸಂಘ ಉಳಿಯಲ್ಲ.

ಕಂತು ನಿಂತಾಗ ಮನೆ ಮುಂದೆ ಗುಂಪು ಕಟ್ಕೊಂಡು ಹೋಗಬೇಡಿ. ಆಕೆಗೆ ಹತ್ತಿರದವರು ಒಬ್ರು, ಪದಾಧಿಕಾರಿ ಒಬ್ರು, ಇಬ್ಬರೇ ಹೋಗಿ, ಒಳಗೆ ಕೂತು ಕೇಳಿ. ಕಾಯಿಲೆಯೋ, ಕೂಲಿ ಸಿಗಲಿಲ್ಲವೋ, ಗಂಡ ದುಡ್ಡು ಕಿತ್ಕೊಂಡನೋ, ಅದರ ಪ್ರಕಾರ ಕಂತನ್ನ ಚಿಕ್ಕದು ಮಾಡಿ, ಸಭೆಯಲ್ಲಿ ಒಪ್ಪಿಸಿ, ಬರೆದಿಡಿ. ಬಾಗಿಲಲ್ಲಿ ನಿಂತು ಮರ್ಯಾದೆ ತೆಗೆಯೋ ಪದ್ಧತಿ ಕೆಲವು ಮೈಕ್ರೋಫೈನಾನ್ಸ್ ಏಜೆಂಟರದ್ದು. ಆ ಕಿರುಕುಳ ಎಲ್ಲಿಗೆ ಮುಟ್ಟಿತ್ತು ಅಂದ್ರೆ 2025ರಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯ್ತು. ಊರಲ್ಲಿ ಅದನ್ನೂ ‘ಸಂಘದ ಸಾಲ’ ಅಂತಾನೇ ಕರೀತಾರೆ, ಹತ್ತು ಜನರನ್ನ ಸೇರಿಸಿ ಒಬ್ಬರಿಗೊಬ್ಬರು ಜಾಮೀನು ಹಾಕಿಸೋ ಗುಂಪನ್ನೂ ಸಂಘ ಅಂತಾರೆ. ಅಲ್ಲಿ ನಿಮ್ಮ ಉಳಿತಾಯ ಇಲ್ಲ, ಬಡ್ಡಿ ನಿಮಗೆ ಬರಲ್ಲ, ನಿಯಮ ನೀವು ಮಾಡಿದ್ದಲ್ಲ. ಒಂದು ಕಂತು ಕಟ್ಟೋಕೆ ಇನ್ನೊಂದರಲ್ಲಿ ಸಾಲ ತೆಗೆಯೋ ಸದಸ್ಯರಿದ್ರೆ ಸಂಘ ಅದನ್ನ ಮುಚ್ಚುಮರೆ ಇಲ್ಲದೆ ಮಾತಾಡಲೇಬೇಕು.

ಪುಸ್ತಕ ಅಂದ್ರೆ ಅಂಗಡಿಯಲ್ಲಿ ಸಿಗೋ ಇಪ್ಪತ್ತು ಕಾಲಮ್ಮಿನ ಸೆಟ್ ತರಬೇಡಿ, ದುಡ್ಡು ದಂಡ. ನಡಾವಳಿ, ನಗದು, ಉಳಿತಾಯ-ಸಾಲ, ಮೂರು ಪುಸ್ತಕ ಮತ್ತೆ ಪ್ರತಿಯೊಬ್ಬರ ಕೈಗೂ ಒಂದೊಂದು ಪಾಸ್‌ಪುಸ್ತಕ ಸಾಕು. ಸಭೆಯಲ್ಲೇ ಬರೆದು, ಏಳೋಕೆ ಮುಂಚೆ ಓದಿ ಹೇಳಬೇಕು. ಓದಿದವಳು ಒಬ್ಬಳೇ ಇದ್ದಾಳೆ ಅಂತ ವರ್ಷಗಟ್ಟಲೆ ಅವಳ ಕೈಲೇ ಬರೆಸಬೇಡಿ, ಇನ್ನೊಬ್ಬಳನ್ನ ಪಕ್ಕದಲ್ಲಿ ಕೂರಿಸಿ ಕಲಿಸಿ.

ಬ್ಯಾಂಕ್ ಸಾಲ, ಮತ್ತೆ ಮುಂದೆ

ಆರು ತಿಂಗಳು ಸಭೆ, ಉಳಿತಾಯ, ಒಳಗಿನ ಸಾಲ, ಮರುಪಾವತಿ, ಪುಸ್ತಕ ಐದೂ ಸರಿಯಾಗಿದ್ರೆ ಬ್ಯಾಂಕ್ ಸಾಲಕ್ಕೆ ಅರ್ಹತೆ ಬರುತ್ತೆ, ಪಂಚಸೂತ್ರ ಅನ್ನೋದು ಈ ಐದನ್ನೇ. ಅರ್ಹತೆ ಬಂತು ಅಂತ ತಕ್ಷಣ ಹೋಗಬೇಡಿ, ಒಳಗಿನ ಸಾಲ ಒಂದು ಸುತ್ತು ಪೂರ್ತಿ ತಿರುಗಿ ಬರಲಿ. 3,000ಕ್ಕೆ ಕಿತ್ತಾಡಿ ರಾಜಿ ಆಗೋದನ್ನ ಕಲಿಯದೇ ಇರೋ ಸಂಘ ಲಕ್ಷ ರೂಪಾಯಿ ಬಂದ ದಿನವೇ ಅದನ್ನ ಸಮಪಾಲು ಹಂಚ್ಕೊಂಡು ಬಿಡುತ್ತೆ, ಬೇಡದವರಿಗೂ ಸಾಲ, ಬೇಕಾದವರಿಗೆ ಸಾಲದು. 10 ಲಕ್ಷದವರೆಗಿನ ಸಂಘದ ಸಾಲಕ್ಕೆ ಬ್ಯಾಂಕು ಅಡಮಾನ ಕೇಳೋ ಹಾಗಿಲ್ಲ, ನಿಮ್ಮ ಉಳಿತಾಯ ಖಾತೆಯಲ್ಲಿರೋ ದುಡ್ಡನ್ನ ತಡೆಹಿಡಿಯೋ ಹಾಗೂ ಇಲ್ಲ. ತಡೆಹಿಡಿದ್ರೆ ಬಾಯಲ್ಲಿ ಹೇಳಿ ಬರಬೇಡಿ, ಸಂಘದ ಲೆಟರ್‌ಹೆಡ್ಡಲ್ಲಿ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.

ಪದಾಧಿಕಾರಿಗಳನ್ನ ವರ್ಷಕ್ಕೊಂದು ಸಲ, ತಪ್ಪಿದ್ರೆ ಎರಡು ವರ್ಷಕ್ಕೆ ಬದಲಾಯಿಸಿ, ಚೆನ್ನಾಗಿ ನಡೆಸ್ತಿದ್ರೂ ಬದಲಾಯಿಸಿ. ಒಪ್ಪಲ್ಲ ಅನ್ನೋರು ಇರ್ತಾರೆ, ‘ನಮ್ಗೆ ಬ್ಯಾಂಕಲ್ಲಿ ಮಾತಾಡೋಕೆ ಬರಲ್ಲ’ ಅಂತಾರೆ, ಮೊದಲ ಎರಡು ಸಲ ಹಳೇ ಅಧ್ಯಕ್ಷೆ ಜೊತೆಗೆ ಹೋಗಲಿ, ಮೂರನೇ ಸಲ ಹೊಸಬರೇ ಹೋಗಲಿ.

ಇನ್ನು ಬಿಟ್ಟು ಹೋಗೋರ ವಿಷಯ. ಮದುವೆ ಆಗಿ ಹೋಗ್ತಾರೆ, ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗ್ತಾರೆ, ಮುನಿಸಿಕೊಂಡೂ ಹೋಗ್ತಾರೆ, ಸತ್ತೂ ಹೋಗ್ತಾರೆ. ಉಳಿತಾಯ ಪೂರ್ತಿ ವಾಪಸ್ಸಾ, ಬಡ್ಡಿಯಲ್ಲಿ ಪಾಲು ಇದೆಯಾ, ಸಾಲ ಬಾಕಿ ಇದ್ರೆ ಅದರಲ್ಲಿ ಕಳೀತೀರಾ, ಎಷ್ಟು ದಿನದಲ್ಲಿ ಕೊಡ್ತೀರಿ, ತೀರಿಕೊಂಡ್ರೆ ಯಾರ ಕೈಗೆ ಕೊಡಬೇಕು. ಇದನ್ನೂ ಸಾಲದ ನಿಯಮದ ಜೊತೆಗೇ, ಯಾರೂ ಹೊರಡೋ ಯೋಚನೆ ಮಾಡದೇ ಇರೋವಾಗಲೇ ಬರೆದು, ಪ್ರತಿಯೊಬ್ಬರ ಪಾಸ್‌ಪುಸ್ತಕದ ಮೊದಲ ಪುಟದಲ್ಲಿ ವಾರಸುದಾರರ ಹೆಸರು ಹಾಕಿಸಿ. ಆ ಹೆಸರು ಯಾರದ್ದು ಅಂತ ಆಕೆಯೇ ಹೇಳಲಿ, ಜೊತೆಗೆ ಬಂದ ಮಗನೋ ಗಂಡನೋ ಅಲ್ಲ.