ಎಣ್ಣೆ ಸೋರಿದ ಮಣ್ಣನ್ನು ಬ್ಯಾಕ್ಟೀರಿಯಾಗಳಿಂದ ಶುದ್ಧಗೊಳಿಸುವುದು ಹೇಗೆ?

ಡೀಸೆಲ್ ಸೋರಿ ಕೆಟ್ಟ ಮಣ್ಣನ್ನು ಬ್ಯಾಕ್ಟೀರಿಯಾಗಳಿಂದ ಶುದ್ಧಗೊಳಿಸಬಹುದೆಂದು ತಿಳಿದ ಕೂಡಲೇ ಹಲವರು ಸೂಕ್ಷ್ಮಾಣು ಪುಡಿಯ ಪೊಟ್ಟಣ ತಂದು ಸುರಿದು, ನೀರು ಹಾಯಿಸಿ ಕೈಕಟ್ಟಿ ಕೂರುತ್ತಾರೆ. ಆ ಪೊಟ್ಟಣಕ್ಕೆ ಹಣ ಹಾಕಬೇಡಿ. ಹಳೆಯ ಸೋರಿಕೆಯ ಜಾಗದಲ್ಲಿ ಸ್ಯೂಡೊಮೊನಾಸ್, ರೋಡೊಕಾಕಸ್‌ನಂತಹ ಎಣ್ಣೆ ಅರಗಿಸುವ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ತಾವಾಗಿಯೇ ಹೆಚ್ಚಿಕೊಂಡಿರುತ್ತವೆ. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಎಣ್ಣೆ ಚೆಲ್ಲಿದ ಅಲಾಸ್ಕಾದ ತೀರದಲ್ಲಿಯೂ ನೆರವಾದದ್ದು ಅಲ್ಲಿನವೇ ಆದ ಬ್ಯಾಕ್ಟೀರಿಯಾಗಳಿಗೆ ಒದಗಿಸಿದ ಗೊಬ್ಬರ.

ಮೊದಲು ಮಣ್ಣನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಮಣ್ಣಿನ ಹುಳಿ-ಕ್ಷಾರಗಳ ಅಳತೆಯಾದ ಪಿಎಚ್ 6ರಿಂದ 8ರೊಳಗಿರಬೇಕು. ಸೀಸ, ಕ್ರೋಮಿಯಂನಂತಹ ಲೋಹಗಳನ್ನು ಯಾವ ಜೀವಿಯೂ ಕೊಳೆಸಿ ಇಲ್ಲವಾಗಿಸಲಾರದು. ಅವು ಹೆಚ್ಚಿದ್ದರೆ ಈ ವಿಧಾನವನ್ನು ಅಲ್ಲಿಗೇ ಕೈಬಿಡಿ.

ಬಳಿಕ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಸುತ್ತ ಬದು ಕಟ್ಟಿ, ಮಣ್ಣನ್ನು 30 ಸೆಂಟಿಮೀಟರ್ ದಪ್ಪಕ್ಕೆ ಹರಡಿ.

ಮೂರನೆಯದು ಗೊಬ್ಬರ. ಎಣ್ಣೆಯಲ್ಲಿನ ಇಂಗಾಲ, ಗೊಬ್ಬರದ ಸಾರಜನಕ, ರಂಜಕಗಳ ಪ್ರಮಾಣ 100:10:1ರ ಆಸುಪಾಸಿನಲ್ಲಿರಬೇಕೆಂಬುದು ಬಳಕೆಯಲ್ಲಿರುವ ಲೆಕ್ಕ. ಒಂದು ಟನ್ ಮಣ್ಣಿನಲ್ಲಿ ಶೇ 1ರಷ್ಟು, ಅಂದರೆ 10 ಕಿಲೋ ಎಣ್ಣೆ ಇದ್ದರೆ ಸಾರಜನಕಕ್ಕಾಗಿ ಸುಮಾರು 1.8 ಕಿಲೋ ಯೂರಿಯಾ ಬೇಕಾಗುತ್ತದೆ. ಅದನ್ನು ಒಮ್ಮೆಗೇ ಸುರಿದರೆ ಹೊಮ್ಮುವ ಅಮೋನಿಯಾವೇ ಬ್ಯಾಕ್ಟೀರಿಯಾಗಳಿಗೆ ವಿಷವಾದೀತು. ಮೂರು ನಾಲ್ಕು ಕಂತುಗಳಲ್ಲಿ ಕೊಡಿ.

ಕೆಲಸ ಕೆಡುವುದು ಇದರ ನಂತರ, ಗಾಳಿ ಮತ್ತು ತೇವವನ್ನು ಹೊಂದಿಸುವಲ್ಲಿ. ಒಂದು ಕಿಲೋ ಎಣ್ಣೆಯನ್ನು ಪೂರ್ತಿ ಅರಗಿಸಲು ಮೂರು ಕಿಲೋಗಿಂತ ಹೆಚ್ಚು ಆಮ್ಲಜನಕ ಬೇಕು. ನೀರು ಹೆಚ್ಚಾದರೆ ಮಣ್ಣಿನ ಕಣಗಳ ನಡುವಿನ ಎಡೆಗಳೆಲ್ಲ ತುಂಬಿ ಗಾಳಿ ನಿಂತುಹೋಗುತ್ತದೆ. ಕಡಿಮೆಯಾದರೆ ಬ್ಯಾಕ್ಟೀರಿಯಾಗಳು ಸುಪ್ತಾವಸ್ಥೆಗೆ ಜಾರುತ್ತವೆ. ಕೈಗವಸು ತೊಟ್ಟು ಒಂದು ಹಿಡಿ ಮಣ್ಣನ್ನು ಒತ್ತಿ ನೋಡಿ: ಉಂಡೆ ಕಟ್ಟಬೇಕು, ಬೆರಳಿಂದ ತಿವಿದರೆ ಒಡೆಯಬೇಕು, ಬೆರಳ ಸಂದಿನಿಂದ ನೀರು ಜಿನುಗಬಾರದು. ವಾರಕ್ಕೊಮ್ಮೆ ತಳದ ಮಣ್ಣು ಮೇಲೆ ಬರುವಂತೆ ತಿರುವಿಹಾಕಿ. ಬರಿಯ ಮೇಲ್ಪದರವನ್ನು ಕೆದಕಿದರೆ ಸಾಲದು. ಕೊಳೆತ ಮೊಟ್ಟೆಯ ನಾತ ಬಂದರೆ ತಳಕ್ಕೆ ಗಾಳಿ ತಲುಪುತ್ತಿಲ್ಲ ಎಂದೇ ತಿಳಿದು ಅಂದೇ ತಿರುವಿ, ನೀರು ನಿಲ್ಲಿಸಿ. ಜೇಡಿಮಣ್ಣಾದರೆ ಮರದ ಚಕ್ಕೆಯನ್ನೋ ಒಣಹುಲ್ಲನ್ನೋ ಬೆರೆಸಲೇಬೇಕು, ಆದರೆ ಮಿತವಾಗಿ, ಏಕೆಂದರೆ ಅವು ಕೊಳೆಯುವಾಗ ನೀವು ಹಾಕಿದ ಸಾರಜನಕವನ್ನೇ ಕಬಳಿಸುತ್ತವೆ. ಮಳೆಗೆ ಹೊದಿಕೆ ಇರಲಿ; ಬದುವಿನೊಳಗೆ ನಿಂತ ನೀರನ್ನು ಚರಂಡಿಗೆ ಬಿಡದೆ, ಮಣ್ಣು ಒಣಗಿದಾಗ ಅದಕ್ಕೇ ಚಿಮುಕಿಸಿ.

ಬೇಗ ಮುಗಿಯಲೆಂದು ಸೋಪಿನ ನೀರು ಸುರಿಯುವವರಿದ್ದಾರೆ. ಸೋಪು ಎಣ್ಣೆಯನ್ನು ಕಣ್ಣಿಗೆ ಮರೆಮಾಡುತ್ತದೆಯೇ ಹೊರತು ನಾಶಮಾಡುವುದಿಲ್ಲ. ಹಾಳೆ ಎಲ್ಲಾದರೂ ಹರಿದಿದ್ದರೆ ಸೋಪು ಎಣ್ಣೆಯನ್ನು ಅಂತರ್ಜಲದತ್ತ ಇಳಿಸುತ್ತದೆ.

ತಿಂಗಳಿಗೊಮ್ಮೆ ಮಾದರಿ ಪರೀಕ್ಷಿಸಿ. ಹಗುರ ಅಂಶಗಳು ಮೊದಲೇ ಆವಿಯಾಗುವುದರಿಂದ ವಾಸನೆ ಹೋಯಿತೆಂದು ಕೆಲಸ ನಿಲ್ಲಿಸಬಾರದು. ಭಾರವಾದ, ಜಿಗುಟಾದ ಅಂಶಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಮಾದರಿಯನ್ನು ಮೇಲಿನಿಂದಷ್ಟೇ ಕೆರೆದು ಕಳಿಸದೆ, ನಾಲ್ಕಾರು ಕಡೆ ತಳದವರೆಗೆ ಅಗೆದು ತೆಗೆಯಿರಿ.